ಹುರಮಂಜೋ, ಕಡಪಾ ಕಲ್ಲೋ, ಕಿನ್ನಾಳದ ಕಿಟ್ಟವೋ?

ಗಂಗಾವತಿ ಕಡೆ ಹಿರೇಬೆಣಕಲ್ಲಿನ ಬಂಡೆಚಿತ್ರ, ಬಳ್ಳಾರಿ ಹತ್ತಿರ ಕಪ್ಪಗಲ್ಲು ಗುಡ್ಡದ ಕುಟ್ಟುಚಿತ್ರ, ಕೊಪ್ಪಳದ ಮಗ್ಗುಲಲ್ಲೇ ಕಿನ್ನಾಳದ ಬಣ್ಣದ ಗೊಂಬೆ. ಆರರಿಂದ ಹತ್ತು ವರ್ಷದ ಮಕ್ಕಳಿಗೆ ಕಲೆಯ ಇತಿಹಾಸ ಹೇಳಿಕೊಡಲು ನಮ್ಮ ಕಡೆ ಇಷ್ಟು ಇರುವಾಗ ದೂರದ ಊರಿನ ಪಟ ತೋರಿಸಿ ಶುರುಮಾಡುವ ಅಗತ್ಯವಿಲ್ಲ. ಈ ಮೂರಕ್ಕೂ ಒಂದೊಂದು ಕೈಕೆಲಸ ಹೊಂದಿಸಿ, 20 ಮಕ್ಕಳ ಗುಂಪಿಗೆ ಮಾಡಿಸಿ ತೂಗಿ ನೋಡಿದ್ದು ಇಲ್ಲಿದೆ. ಅಳತೆ ಒಂದೇ: ಕೆಲಸ ಮಾಡಿದ ಮಗು ಆಮೇಲೆ ಆ ಜಾಗಕ್ಕೆ ಹೋದರೆ, ಮಾಡದ ಮಗುವಿಗೆ ಕಾಣದ್ದು ಅದಕ್ಕೆ ಕಾಣುತ್ತದೆಯೇ?

ಹುರಮಂಜು: ಕಡಿಮೆ ಖರ್ಚು, ಬೇಗ ಮುಗಿಯುತ್ತದೆ

ಹಿರೇಬೆಣಕಲ್ಲಿನ ಗುಡ್ಡದಲ್ಲಿ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಶಿಲಾಸಮಾಧಿಗಳ ಜೊತೆಗೆ, ಬಂಡೆಯಾಸರೆಗಳಲ್ಲಿ ಕೆಂಪು ಬಣ್ಣದ ಮನುಷ್ಯರೂ ಪ್ರಾಣಿಗಳೂ ಇದ್ದಾರೆ. ಆ ಕೆಂಪು ಕಬ್ಬಿಣದ ಅಂಶವಿರುವ ಮಣ್ಣಿನದು. ನಮ್ಮ ಹಳ್ಳಿಗಳಲ್ಲಿ ಗೋಡೆಯ ಬುಡಕ್ಕೆ ಬಳಿಯುವ ಹುರಮಂಜು ಅದೇ ಜಾತಿಯದು.

20 ಮಕ್ಕಳಿಗೆ 200 ಗ್ರಾಂ ಹುರಮಂಜು ಸಾಕು. ಹಿಂದಿನ ರಾತ್ರಿ 30 ಗ್ರಾಂ ಜಾಲಿ ಅಂಟನ್ನು 200 ಮಿಲಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಬೇಕು. ಎರಡು ಚಮಚ ಪುಡಿಗೆ ಒಂದು ಚಮಚ ಅಂಟಿನ ನೀರು. ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು ಆಗುವತನಕ ಬರೀ ನೀರು. ಅಂಟು ಕಡಿಮೆಯಾದರೆ ಒಣಗಿದ ಚಿತ್ರ ಬೆರಳಿಗೆ ಹತ್ತುತ್ತದೆ, ಹೆಚ್ಚಾದರೆ ಹೊಳಪು ಬಂದು ಬಿರಿದು ಚಕ್ಕೆ ಏಳುತ್ತದೆ. ಮೊದಲು ಒಂದು ಮೂಲೆಯಲ್ಲಿ ಬಳಿದು, ಒಣಗಿಸಿ, ಉಜ್ಜಿ ನೋಡಿಯೇ ಮಕ್ಕಳ ಕೈಗೆ ಕೊಡಿ.

ಡ್ರಾಯಿಂಗ್ ಹಾಳೆಯ ಮೇಲೆ ಮಾಡಿಸುವುದೇ ಇದರಲ್ಲಿ ಎಲ್ಲರೂ ಮಾಡುವ ತಪ್ಪು. ಹಾಳೆ ಸುರುಟಿಕೊಳ್ಳುತ್ತದೆ, ಅದಕ್ಕಿಂತ ಮುಖ್ಯವಾಗಿ, ನುಣುಪು ಹಾಳೆಯ ಮೇಲೆ ಮಗು ಎಂದಿನ ಚಿತ್ರವನ್ನೇ ಬರೆಯುತ್ತದೆ. ಕಣ್ಣು, ಮೂಗು, ಅಂಗಿಯ ಗುಂಡಿ, ಮೇಲೊಬ್ಬ ಸೂರ್ಯ. ಒರಟು ಗ್ರಾನೈಟ್ ಚೂರು ಕೊಡಿ, ಇಲ್ಲವೇ ಗಿಲಾವು ಮಾಡಿ ಬಣ್ಣ ಹಚ್ಚದ ಸಿಮೆಂಟ್ ಗೋಡೆ ಬಿಟ್ಟುಕೊಡಿ. ಕುಂಚದ ಬದಲು ತುದಿ ಜಜ್ಜಿದ ಬೇವಿನ ಕಡ್ಡಿ. ಆಗ ಗುಂಡಿ ಬರೆಯಲು ಆಗುವುದೇ ಇಲ್ಲ. ಒಂದು ಗೆರೆ ಮೈ, ನಾಲ್ಕು ಗೆರೆ ಕೈಕಾಲು. ಗುರುತು ಸಿಗಬೇಕಾದರೆ ಭಂಗಿಯಲ್ಲೇ ಸಿಗಬೇಕು. ಓಡುವವನನ್ನು ಓಡುವವನೆಂದು ತೋರಿಸಲು ಮಕ್ಕಳು ಕಾಲಿನ ಕೋನ ತಿದ್ದತೊಡಗಿದರೆ ಪಾಠ ಮುಟ್ಟಿತು ಎಂದೇ ಲೆಕ್ಕ.

ಹೊತ್ತು ಒಂದೂವರೆ ಗಂಟೆ. ಆರು ವರ್ಷದ ಮಗುವೂ ಮಾಡುತ್ತದೆ. ಬಟ್ಟೆಯ ಕಲೆ ಮಾತ್ರ ಹೋಗುವುದಿಲ್ಲ, ಹಳೇ ಅಂಗಿ ಹಾಕಿ ಕಳಿಸಲು ತಾಯಂದಿರಿಗೆ ಮೊದಲೇ ಹೇಳಿ.

ಕಡಪಾ ಕಲ್ಲು: ಗದ್ದಲ ಹೆಚ್ಚು, ಕಲಿಕೆಯೂ ಹೆಚ್ಚು

ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಡಾಲರೈಟ್ ಎಂಬ ಕರಿಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅದೇ ಕರಿಕಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳು, ಮನುಷ್ಯರು ಮೂಡಿದ್ದಾರೆ. ಅಲ್ಲಿ ಬಣ್ಣವಿಲ್ಲ, ಉಳಿಯ ಗೆರೆಯೂ ಇಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೇಲಿನ ಕರಿ ಪದರ ಒಡೆದಿದ್ದಾರೆ, ಒಳಗಿನ ತಿಳಿ ಬಣ್ಣ ಕಂಡಿದೆ. ಕಾಲ ಕಳೆದಂತೆ ಆ ತಿಳಿ ಜಾಗವೂ ಕಪ್ಪಾಗುತ್ತ ಬರುತ್ತದೆ.

ಡಾಲರೈಟಿನ ಮೇಲೆ ಮಕ್ಕಳ ಕೈ ಓಡುವುದಿಲ್ಲ. ಗ್ರಾನೈಟೂ ಬೇಡ, ಅರ್ಧ ಗಂಟೆ ಕುಟ್ಟಿದರೂ ಗುರುತು ಮೂಡದೆ ಬೇಸರ ಬರುತ್ತದೆ. ಅಡುಗೆಕಟ್ಟೆಗೆ ಹಾಕುವ ಕಡಪಾ ಕಲ್ಲು ಸುಣ್ಣದಕಲ್ಲಿನ ಜಾತಿ, ಮೆತ್ತಗೆ, ಮೇಲೆ ಕಪ್ಪು. ಬೆಣಚುಕಲ್ಲು ತಾಗಿದ ಕಡೆಯೆಲ್ಲ ಬೂದುಬಿಳುಪು ಚುಕ್ಕೆ ಮೂಡುತ್ತದೆ. ಕಲ್ಲು ಕೊಯ್ಯುವ ಅಂಗಡಿಯಲ್ಲಿ ಉಳಿದ ತುಂಡುಗಳನ್ನು ಕೇಳಿ ತನ್ನಿ: ಒಂದು ಗೇಣು ಉದ್ದಗಲ, ದಪ್ಪ 18 ಮಿಲಿಮೀಟರಿಗೆ ಕಡಿಮೆಯಿರಬಾರದು. ಅಂಚು ಚೂಪಾಗಿದ್ದರೆ ಅಲ್ಲೇ ಉಜ್ಜಿಸಿಕೊಳ್ಳಿ. ಕುಟ್ಟಲು ಮಗುವಿನ ಮುಷ್ಟಿಗೆ ಕೂಡುವ ಬೆಣಚುಕಲ್ಲು, ಒಂದು ಕಡೆ ಮೊನೆ ಇರಬೇಕು. ಹಳ್ಳದ ಗುಂಡುಕಲ್ಲು ಜಾರಿ ಬೆರಳಿಗೆ ಬಡಿಯುತ್ತದೆ.

ತುಂಡನ್ನು ಬರೀ ನೆಲದ ಮೇಲಿಟ್ಟರೆ ಎರಡನೇ ಏಟಿಗೇ ಸೀಳುತ್ತದೆ. ಅರ್ಧ ತುಂಬಿದ ಮರಳಿನ ಚೀಲದ ಮೇಲೆ ಮಟ್ಟಸವಾಗಿ ಕೂರಿಸಿ. ಸೀಮೆಸುಣ್ಣದಲ್ಲಿ ಎತ್ತಿನ ಹೊರಗೆರೆ ಬರೆದುಕೊಂಡು, ನಾಲ್ಕು ಬೆರಳೆತ್ತರದಿಂದ ಹಗುರ ಏಟು. ಅಂಚಿನಿಂದ ಎರಡು ಬೆರಳು ಒಳಗೇ ಕೆಲಸ. ಹತ್ತು ನಿಮಿಷವಾಗುತ್ತಲೇ ಮಕ್ಕಳು ಕುಟ್ಟುವುದು ಬಿಟ್ಟು ಗೀಚತೊಡಗುತ್ತಾರೆ, ಅಲ್ಲೇ ತಡೆಯಿರಿ. ಗೀಚಿದ ಗೆರೆ ಕೂದಲಿನಷ್ಟು ಸಣ್ಣ, ಕುಟ್ಟಿದ ಗೆರೆ ಚುಕ್ಕೆಚುಕ್ಕೆಯಾಗಿ ಅಗಲ. ಎರಡನ್ನೂ ಒಂದೇ ಕಲ್ಲಿನ ಮೇಲೆ ಬಿಡಿಸಿ ಪಕ್ಕಪಕ್ಕ ತೋರಿಸಿದರೆ, ಗುಡ್ಡದಲ್ಲಿ ಹಳೆಯ ಎತ್ತು ಯಾವುದು, ಮೊನ್ನೆ ಯಾರೋ ಮೊಳೆಯಿಂದ ಗೀಚಿಹೋದ ಹೆಸರು ಯಾವುದು ಎಂದು ಎಂಟು ವರ್ಷದ ಮಗು ತಾನೇ ಬೇರ್ಪಡಿಸುತ್ತದೆ.

ಕಣ್ಣಿಗೆ ಕನ್ನಡಕ ಕಡ್ಡಾಯ. ಕನ್ನಡಕ ಐದೇ ಇದ್ದರೆ ಐದೇ ಮಕ್ಕಳು ಕುಟ್ಟಲಿ. ಬಯಲಲ್ಲಿ ಕೂರಿಸಿ, ಕಲ್ಲನ್ನು ಆಗಾಗ ಒದ್ದೆ ಬಟ್ಟೆಯಿಂದ ಒರೆಸಿ, ಬಾಯಿಂದ ಧೂಳು ಊದಲು ಬಿಡಬೇಡಿ. ಏಳು ವರ್ಷದೊಳಗಿನವರಿಗೆ ಈ ಕೆಲಸ ಬೇಡ.

ಸದ್ದಿನ ಪಾಠವೂ ಇದರಲ್ಲಿದೆ. ಕಪ್ಪಗಲ್ಲಿನ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನುಡಿಯುತ್ತವೆ. ಹಿರೇಬೆಣಕಲ್ಲಿನಲ್ಲೂ ನಗಾರಿಯಾಕಾರದ ದೊಡ್ಡ ಕಲ್ಲೊಂದಿದೆ. ಕಡಪಾ ತುಂಡನ್ನು ಹಗ್ಗದಲ್ಲಿ ತೂಗಿಸಿ ಬಡಿದರೆ ಒಂದು ದನಿ, ಮರಳಿನ ಮೇಲಿಟ್ಟು ಬಡಿದರೆ ಇನ್ನೊಂದು. ಅಲ್ಲಿಗೆ ಹೋದಾಗ ಕಲ್ಲು ಹುಡುಕಿ ಬಡಿಯಬೇಡಿ ಎಂದು ಮಾತ್ರ ಹೊರಡುವ ಮೊದಲೇ ಹೇಳಿರಬೇಕು.

ಕಿನ್ನಾಳದ ಕಿಟ್ಟ: ಚಂದ ಇದರದು, ಕೆಲಸ ದೊಡ್ಡವರದು

ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಶಾಲೆಗಳು ಮೊದಲು ಆರಿಸುವುದು ಇದನ್ನೇ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಅಂಗಗಳನ್ನು ಕೆತ್ತಿ, ಕಿಟ್ಟದಿಂದ (ಮರದ ಹೊಟ್ಟಿಗೆ ಅಂಟು ಹಾಕಿ ನಾದಿದ ಕಣಕದಿಂದ) ಜೋಡಿಸಿ, ಒಡವೆಯ ಉಬ್ಬು ಏರಿಸಿ, ಬಿಳಿ ಮೆತ್ತಿ ಬಣ್ಣ ಕೊಡುತ್ತಾರೆ. ಹುಣಸೆಬೀಜದ ಅಂಟು ಅದರ ಜೀವ.

100 ಗ್ರಾಂ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ ರುಬ್ಬಬೇಕು. ಅರ್ಧ ಲೀಟರ್ ನೀರಿನಲ್ಲಿ ಕೈಬಿಡದೆ ತಿರುವುತ್ತ 20 ನಿಮಿಷ ಕುದಿಸಿದರೆ ಅಂಬಲಿಯ ಹದಕ್ಕೆ ಬರುತ್ತದೆ. ರವೆ ಜರಡಿಯಲ್ಲಿ ಸೋಸಿದ ಮರದ ಹೊಟ್ಟು ಒಂದು ಲೋಟಕ್ಕೆ ಮುಕ್ಕಾಲು ಲೋಟ ಅಂಟು ಹಾಕಿ ಚಪಾತಿ ಹಿಟ್ಟಿನಂತೆ ನಾದಿ. ಮರದ ಬದಲು ಗಟ್ಟಿ ರಟ್ಟಿನ ಗಿಳಿ ಅಥವಾ ಆನೆ ಇರಲಿ. ಒಮ್ಮೆಗೆ 3 ಮಿಲಿಮೀಟರಿಗಿಂತ ದಪ್ಪ ಮೆತ್ತಬಾರದು. ನಮ್ಮ ಏಪ್ರಿಲ್ ಬಿಸಿಲಲ್ಲಿಟ್ಟರೆ ಮೇಲ್ಪದರ ಒಣಗಿ ಒಳಗೆ ಹಸಿ ಉಳಿದು ಬಿರುಕು ಬೀಳುತ್ತದೆ; ನೆರಳಿನಲ್ಲಿ, ಮೊದಲ ದಿನ ಒದ್ದೆ ಬಟ್ಟೆ ಹೊದಿಸಿ. ಎರಡನೇ ದಿನ ಸೀಮೆಸುಣ್ಣದ ಪುಡಿ ಕಲಸಿದ ತೆಳು ಅಂಟಿನ ಲೇಪ, ಮೂರನೇ ದಿನ 120 ನಂಬರಿನ ಮರಳುಕಾಗದ, ನಾಲ್ಕನೇ ದಿನ ಬಣ್ಣ. ಬಿಳಿ ಪೂರ್ತಿ ಒಣಗುವ ಮುಂಚೆ ಬಣ್ಣ ಹಚ್ಚಿದರೆ ಎರಡೂ ಸೇರಿ ಸಿಪ್ಪೆಯಾಗಿ ಏಳುತ್ತವೆ.

ಅಂಟು ಬೂಷ್ಟು ಹಿಡಿಯದಿರಲಿ ಎಂದು ಕೆಲವರು ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳ ಕೈಗೆ ಹೋಗುವ ಅಂಟಿಗೆ ಸಲ್ಲದು. ಎರಡು ದಿನಕ್ಕಾಗುವಷ್ಟೇ ಕುದಿಸಿ.

ಈಗ ಎಣಿಸಿ ನೋಡಿ: ಹುರಿಯುವುದು, ಕುದಿಸುವುದು, ರಟ್ಟು ಕತ್ತರಿಸುವುದು, ಹದ ನೋಡುವುದು ಎಲ್ಲ ದೊಡ್ಡವರ ಪಾಲು. ಮಗುವಿಗೆ ಉಳಿಯುವುದು ಬಣ್ಣ ಬಳಿಯುವ ಕೆಲಸ, ಅದನ್ನು ಅದು ಎಲ್ಲಿಯಾದರೂ ಮಾಡೀತು. ಹಾಗಾಗಿ ಚಂದಕ್ಕೆ ಮೊದಲ ಸ್ಥಾನ ಪಡೆಯುವ ಈ ಕೆಲಸ ನಮ್ಮ ಅಳತೆಯಲ್ಲಿ ಕೊನೆಗೆ ನಿಲ್ಲುತ್ತದೆ. ಒಂಬತ್ತು ದಾಟಿದವರಿಗೆ, ರುಬ್ಬುವುದರಿಂದ ಹಿಡಿದು ಎಲ್ಲ ಅವರ ಕೈಯಿಂದಲೇ, ಒಲೆಯ ಹತ್ತಿರ ಮಾತ್ರ ದೊಡ್ಡವರು ನಿಂತು ಮಾಡಿಸುವುದಾದರೆ ಮಾತು ಬೇರೆ.

ಇಟಗಿಯ ಮಹಾದೇವ ಗುಡಿಗೆಂದು, ಅಂದರೆ 1112ರ ಕೆತ್ತನೆಗೆಂದು, ಸೋಪು ಕೆತ್ತಿಸುವ ರೂಢಿಯೂ ಇದೆ. ಸೋಪು ಪುಡಿಯಾಗುತ್ತದೆ, ಚಾಕು ಜಾರುತ್ತದೆ. ಒಂದು ಬಳಪ ಕೊಟ್ಟು ಉಗುರಿನಿಂದ ಗೀರಿಸಿದರೆ ಆ ಗುಡಿ ಕೆತ್ತಿದ ಬಳಪದ ಕಲ್ಲಿನ ಮೆತ್ತನೆತನ ಒಂದೇ ನಿಮಿಷಕ್ಕೆ ಗೊತ್ತಾಗುತ್ತದೆ.

ಒಂದೇ ದಿನ ಇದ್ದು, ಮಕ್ಕಳು ಎಂಟು ದಾಟಿದ್ದರೆ ಕಡಪಾ ಕಲ್ಲು. ಸಣ್ಣವರಿದ್ದರೆ ಹುರಮಂಜು. ಕಲ್ಲಿನ ಕೆಲಸ ಮುಗಿದ ಮೇಲೆ ತುಂಡುಗಳ ಮೇಲೆ ನೀರು ಚಿಮುಕಿಸಿ. ಎತ್ತು ಮಸುಕಾಗಿ, ಒಣಗುತ್ತ ಬಂದಂತೆ ಮತ್ತೆ ಎದ್ದು ಬರುತ್ತದೆ. ಆಮೇಲೆ ಕೋಣೆ ಕತ್ತಲು ಮಾಡಿ ಟಾರ್ಚನ್ನು ಒಮ್ಮೆ ನೇರ, ಒಮ್ಮೆ ಪಕ್ಕದಿಂದ ಹಿಡಿಯಿರಿ. ಪಕ್ಕದ ಬೆಳಕಿನಲ್ಲಿ ಒಂದೊಂದು ಏಟಿನ ಕುಳಿಯೂ ಕಾಣುತ್ತದೆ. ಕಪ್ಪಗಲ್ಲಿಗೆ ಕರೆದೊಯ್ಯುವ ಹೊತ್ತನ್ನು ಇದನ್ನು ನೋಡಿ ಗೊತ್ತುಮಾಡಿಕೊಳ್ಳಿ: ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಬಿಸಿಲು ಓರೆಯಾದಾಗ.