ಟ್ರ್ಯಾಕ್ಸಾಸ್ ಟಿಆರ್‌ಎಕ್ಸ್ 3.3: ಬಿಸಿ ತಾಳುವ ನೈಟ್ರೋ ಎಂಜಿನ್

ರಿಮೋಟ್ ಕಾರಿಗೆ ನೈಟ್ರೋ ಎಂಜಿನ್ (ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಬೆರೆತ ಇಂಧನದಿಂದ ಓಡುವ ಎಂಜಿನ್) ಕೊಳ್ಳುವವರು ಮೊದಲು ವೇಗದ ಬಗ್ಗೆ ವಿಚಾರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು, ನೀರಿಲ್ಲದೆ ಗಾಳಿಯಿಂದ ತಂಪಾಗುವ ಈ ಪುಟ್ಟ ಎಂಜಿನ್ ತನ್ನ ಬಿಸಿಯನ್ನು ಎಷ್ಟು ಚೆನ್ನಾಗಿ ಹೊರಹಾಕುತ್ತದೆ ಎಂಬುದನ್ನು. ಟಿ-ಮ್ಯಾಕ್ಸ್, ರೆವೊ, ಜೇಟೊ ಗಾಡಿಗಳಲ್ಲಿ ಬರುವ ಅಮೆರಿಕದ ಟ್ರ್ಯಾಕ್ಸಾಸ್ ಸಂಸ್ಥೆಯ ಟಿಆರ್‌ಎಕ್ಸ್ 3.3 ಈ ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾಗುತ್ತದೆ.

ಅಗಲವಾದ ರೆಕ್ಕೆಗಳಿರುವ ಇದರ ನೀಲಿ ಅಲ್ಯೂಮಿನಿಯಂ ಹೆಡ್ (ಎಂಜಿನ್‌ನ ಮೇಲ್ಭಾಗ) ಓಡುವ ಗಾಡಿಯ ಗಾಳಿಗೆ ಸಾಕಷ್ಟು ಮೈ ಒಡ್ಡುತ್ತದೆ. ಆದರೆ ಬಾಡಿಯ ಮುಂದಿನ ಗಾಜನ್ನು ಕತ್ತರಿಸಿ ಗಾಳಿಗೆ ದಾರಿ ಮಾಡದೆ, ಹಿಂದೆ ಅದು ಹೊರಹೋಗಲು ಕಿಂಡಿ ಬಿಡದೆ ಇದ್ದರೆ ಎಂಥ ಹೆಡ್ ಇದ್ದರೂ ಪ್ರಯೋಜನವಿಲ್ಲ. ಇಂಧನವನ್ನು ಹೊತ್ತಿಸುವ ಗ್ಲೋ ಪ್ಲಗ್ ಬಳಿ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆದಾಗ ಉಷ್ಣತೆ ಸುಮಾರು 93ರಿಂದ 132 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು.

ತಂಪಿನ ಒಂದು ಪಾಲು ಇಂಧನದಿಂದಲೂ ಬರುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ಮೆಥನಾಲ್ ಆವಿಯಾಗುವಾಗ ಪೆಟ್ರೋಲ್‌ಗಿಂತ ಎಷ್ಟೋ ಹೆಚ್ಚು ಶಾಖವನ್ನು ಹೀರಿಕೊಳ್ಳುತ್ತದೆ, ಮತ್ತು ಅದರೊಂದಿಗೆ ಬೆರೆತ ಎಣ್ಣೆ ಬೇರಿಂಗ್, ಪಿಸ್ಟನ್‌ಗಳನ್ನು ಕಾಯುತ್ತದೆ. ಆದ್ದರಿಂದ ಇಂಧನದ ಪ್ರಮಾಣವನ್ನು ಹೊಂದಿಸುವ ತಿರುಪಾದ ಹೈಸ್ಪೀಡ್ ನೀಡಲ್ ಅನ್ನು ಅತಿಯಾಗಿ ಬಿಗಿಮಾಡಿ ಮಿಶ್ರಣವನ್ನು ತೆಳುಗೊಳಿಸಿದರೆ, ಅಂದರೆ ಗಾಳಿಗೆ ಹೋಲಿಸಿ ಇಂಧನವನ್ನು ಕಡಿಮೆ ಮಾಡಿದರೆ, ವೇಗ ಸ್ವಲ್ಪ ಹೊತ್ತು ಹೆಚ್ಚಿದಂತೆ ಕಂಡರೂ, ತಂಪು ಮತ್ತು ಎಣ್ಣೆ ಎರಡೂ ಒಟ್ಟಿಗೆ ಕಡಿಮೆಯಾಗುತ್ತವೆ. ಪೂರ್ಣ ಥ್ರಾಟಲ್‌ನಲ್ಲಿ ಹೊಗೆಯ ಗೆರೆ ಸದಾ ಕಾಣುತ್ತಿರಬೇಕು. ಹೆಡ್ ಮೇಲೆ ಬಿಟ್ಟ ನೀರಿನ ಹನಿ ಬಿದ್ದ ಕೂಡಲೇ ಚುರ್ರೆಂದು ಮಾಯವಾದರೆ ಗಾಡಿ ನಿಲ್ಲಿಸಿ, ನೀಡಲ್ ಅನ್ನು ಹದಿನಾರನೇ ಒಂದು ಸುತ್ತಿನಷ್ಟು ಬಿಚ್ಚಿ ನೋಡಬೇಕು.

ನಮ್ಮವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ತೆಳು ಗಾಳಿಗೆ ಹೊಂದಿಸಿದ ನೀಡಲ್, ಗಾಳಿ ಸಾಂದ್ರವಾಗಿರುವ ಮಂಗಳೂರಿಗೆ ಹೋದಾಗ ಮಿಶ್ರಣವನ್ನು ತೆಳುವಾಗಿಸುತ್ತದೆ. ಘಟ್ಟ ಇಳಿದವರು ಮೊದಲು ನೀಡಲ್ ಅನ್ನು ತುಸು ಸಡಿಲಿಸಿಕೊಂಡೇ ಎಂಜಿನ್ ಓಡಿಸಬೇಕು.

ತಂಪು ಅತಿಯಾದರೂ ಕೆಡುಕೇ. ಈ ಬಗೆಯ ಎಂಜಿನ್‌ಗಳಲ್ಲಿ ಪಿಸ್ಟನ್‌ಗೆ ರಿಂಗ್ ಇರುವುದಿಲ್ಲ, ಪಿಸ್ಟನ್ ಚಲಿಸುವ ಕೊಳವೆಯಾದ ಸ್ಲೀವ್ ಮೇಲ್ತುದಿಯಲ್ಲಿ ತುಸು ಕಿರಿದಾಗಿದ್ದು ಬಿಸಿಯಾದಾಗಲೇ ಸರಿಯಾದ ಅಳತೆಗೆ ಹಿಗ್ಗುತ್ತದೆ. ಹೀಗಾಗಿ ತಣ್ಣಗೆ ಓಡಿಸಿದ ಹೊಸ ಎಂಜಿನ್ ಬೇಗ ಸವೆಯುತ್ತದೆ. ಮೊದಲ ಟ್ಯಾಂಕ್‌ಗಳಲ್ಲಿ ಮಿಶ್ರಣವನ್ನು ದಟ್ಟವಾಗಿಟ್ಟರೂ ಉಷ್ಣತೆ 93 ಡಿಗ್ರಿ ದಾಟುವಂತೆ ನೋಡಿಕೊಳ್ಳುವುದು, ಚಳಿಯಲ್ಲಿ ಹೇರ್ ಡ್ರೈಯರ್‌ನಿಂದ ಹೆಡ್ ಬೆಚ್ಚಗಾಗಿಸಿ ಶುರುಮಾಡುವುದು ಒಳ್ಳೆಯದು.

ಈಜಿ-ಸ್ಟಾರ್ಟ್ ಎಂಬ ವಿದ್ಯುತ್ ಸ್ಟಾರ್ಟರ್ ಇರುವುದರಿಂದ ಎಂಜಿನ್ ಶುರುಮಾಡಲು ಪ್ರತ್ಯೇಕ ಸ್ಟಾರ್ಟರ್ ಬಾಕ್ಸ್ ಹೊರುವ ತೊಂದರೆ ತಪ್ಪುತ್ತದೆ, ಮೈದಾನದಲ್ಲಿ ಹವ್ಯಾಸಕ್ಕೆ ಓಡಿಸುವವರಿಗೆ ಇದೇ ದೊಡ್ಡ ಅನುಕೂಲ. 1/8 ಬಗ್ಗಿ (ನಿಜ ಗಾಡಿಯ ಎಂಟನೇ ಒಂದು ಅಳತೆಯ ರೇಸ್ ಮಾದರಿ) ರೇಸಿಗೆ ಇಳಿಯುವವರಿಗೆ ಮಾತ್ರ ನಾನು ಇದನ್ನು ಕೊಳ್ಳಲು ಹೇಳುವುದಿಲ್ಲ. ಅವರು ಆ ವರ್ಗದ ಮಿತಿಯಾದ 3.5 ಸಿಸಿಯೊಳಗಿನ, ಜಪಾನಿನ ಓಎಸ್ ಕಂಪನಿಯಂಥವರ ರೇಸಿಂಗ್ ಎಂಜಿನ್‌ಗಳನ್ನು ನೋಡಲಿ. ಯಾವುದನ್ನು ಕೊಂಡರೂ ಓಡಿಸಿ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಒಳಗೆ ಉಳಿದ ಇಂಧನ ಸುಡುವವರೆಗೆ ಓಡಿಸಿ, ಓಟದ ನಂತರ ಎಂಜಿನ್ ಒಳಗೆ ಹಾಕುವ ಆಫ್ಟರ್-ರನ್ ಎಣ್ಣೆಯ ಕೆಲವು ಹನಿ ಬಿಡಬೇಕು. ಮೆಥನಾಲ್ ತೇವವನ್ನು ಎಳೆದುಕೊಳ್ಳುವುದರಿಂದ, ಕರಾವಳಿಯ ಮಳೆಗಾಲದಲ್ಲಿ ಈ ಆರೈಕೆ ತಪ್ಪಿದರೆ ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ.