ಕನ್ನಡಕದ ಮೇಲೊಂದು ಗಾಗಲ್: ಎರಡು ಮಳೆಗಾಲ ಬಳಸಿದ ಮೇಲೆ

ಗಣಿತದ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ತೀರ್ಥಹಳ್ಳಿಯ ನಮ್ಮ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಚಿಕ್ಕದೊಂದು ಲೇತ್, ಅಂದರೆ ಮರವನ್ನು ಗರಗರ ತಿರುಗಿಸುವ ಯಂತ್ರ, ಇಟ್ಟುಕೊಂಡು ಮರ ಕಡೆಯುತ್ತೇನೆ. ಹೆಚ್ಚಾಗಿ ಹೊನ್ನೆ ಮರದ ಲೋಟಗಳು. ರಾತ್ರಿ ನೀರು ತುಂಬಿಟ್ಟರೆ ಬೆಳಿಗ್ಗೆ ಕಂದು ಬಣ್ಣಕ್ಕೆ ತಿರುಗಿ, ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಹೊಳೆಯುತ್ತದಲ್ಲ, ಅದೇ ಲೋಟ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಜನ ಕೊಳ್ಳುತ್ತಾರೆ. ಆ ವಿಷಯದಲ್ಲಿ ನಾನು ಬಾಯಿ ಬಿಡುವುದಿಲ್ಲ. ಕಡೆಯುವಾಗ ಏಳುವ ಪುಡಿ ಮಾತ್ರ ಹಿಟ್ಟಿನಷ್ಟು ನುಣ್ಣಗೆ, ಎಲ್ಲಿ ಬೇಕಾದರೂ ನುಸುಳುತ್ತದೆ.

ನಾನು ಹೇಳಹೊರಟಿರುವ ಗಾಗಲ್ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ಕಿನದು. ಓದುವ ಕನ್ನಡಕದ ಮೇಲೆಯೇ ಹಾಕಿಕೊಳ್ಳಬಹುದು. ತಲೆಯ ಸುತ್ತ ಇಲಾಸ್ಟಿಕ್ ಪಟ್ಟಿ ಇದೆ. ಕೊಂಡಾಗ ಬೆಲೆ 540 ರೂಪಾಯಿ ಇತ್ತು. ತಯಾರಕರ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನ ಮಾಲನ್ನು ಮೂರು ಹೆಸರುಗಳಲ್ಲಿ ನೋಡಿದ್ದೇನೆ. ಹೆಸರಿಗಿಂತ ಅದರ ಮೇಲೆ ಒತ್ತಿರುವ ಗುರುತು ಮುಖ್ಯ. ನನ್ನದರ ಚೌಕಟ್ಟಿನಲ್ಲಿ ‘ಇಎನ್ 166’ ಎಂದಿದೆ, ಅದು ಕಣ್ಣಿನ ರಕ್ಷಣೆಯ ಸಾಧನಗಳಿಗೆಂದು ಯುರೋಪಿನಲ್ಲಿ ಮಾಡಿದ ಮಾನದಂಡ. ಮಸೂರದ ಅಂಚಿನಲ್ಲಿ ಕಣ್ಣು ಕಿರಿದು ಮಾಡಿ ಓದಿದರೆ ‘1 ಬಿ ಎನ್’. 1 ಎಂದರೆ ನೋಟದ ಸ್ಪಷ್ಟತೆಯಲ್ಲಿ ಮೊದಲ ದರ್ಜೆ. ಬಿ ಎಂದರೆ 6 ಮಿಲಿಮೀಟರಿನ ಉಕ್ಕಿನ ಗುಂಡು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಬಡಿದರೂ ತಡೆಯಬೇಕು. ಕಿವಿಗೆ ಸಿಕ್ಕಿಸುವ ಮಾದರಿಗಳಲ್ಲಿ ಎಫ್ ಇರುತ್ತದೆ. ಅದರ ಪರೀಕ್ಷೆ 45 ಮೀಟರ್ ವೇಗದ್ದು. ಮೇಷ್ಟ್ರ ಚಾಳಿ ಬಿಡಲಾರದೆ ಲೆಕ್ಕ ಹಾಕಿದೆ: ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಬಿ ತಡೆಯುವ ಪೆಟ್ಟು ಎಫ್ ತಡೆಯುವುದರ ಏಳು ಪಟ್ಟು. ಬರಿಯ ಓದುವ ಕನ್ನಡಕವೇ ಸಾಕೆನ್ನುವವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ, ಅದರ ಪಕ್ಕಗಳೆಲ್ಲ ಬಯಲು.

ಇನ್ನು ಎನ್. ಆವಿ ಹಿಡಿಯುವುದಿಲ್ಲ ಎಂಬ ಭರವಸೆಯ ಅಕ್ಷರ. ಆಷಾಢದಲ್ಲಿ ನಮ್ಮ ಕಡೆ ಒಗೆದ ಪಂಚೆ ನಾಲ್ಕು ದಿನವಾದರೂ ಒಣಗುವುದಿಲ್ಲ; ಅಂಥ ಗಾಳಿಯಲ್ಲಿ ಈ ಭರವಸೆ ಎಷ್ಟು ದಿನ ನಿಲ್ಲಬಹುದು? ಮೊದಲ ಎರಡು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ಒರೆಸಿ ಒರೆಸಿ ಒಳಗಿನ ಲೇಪ ಸವೆಯಿತು. ಅದರ ಮೇಲೆ ನನ್ನದೇ ತಪ್ಪೊಂದಿತ್ತು: ಧೂಳಿಗೆಂದು ಹಾಕಿಕೊಳ್ಳುವ ಮಾಸ್ಕಿನ ಮೂಗಿನ ತಂತಿಯನ್ನು ಒತ್ತಿ ಕೂರಿಸುತ್ತಿರಲಿಲ್ಲ. ಉಸಿರೆಲ್ಲ ಮೇಲಕ್ಕೆ ಹೋಗಿ ಗಾಗಲ್ ಒಳಗೆ ಇಡ್ಲಿ ಬೇಯುವಷ್ಟು ಆವಿ. ಈಗ ತಂತಿ ಒತ್ತುತ್ತೇನೆ, ಪ್ರತಿಸಲ ಕೆಲಸಕ್ಕೆ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನ ಒಂದು ಹನಿಯನ್ನು ಒಳಗೆ ತೆಳುವಾಗಿ ಸವರಿ ಆರಲು ಬಿಡುತ್ತೇನೆ. ಮುಕ್ಕಾಲು ಗಂಟೆ ನಿಲ್ಲುತ್ತದೆ. ಅಷ್ಟರಲ್ಲಿ ಕಾಫಿಗೆ ಕರೆ ಬಂದಿರುತ್ತದೆ.

ಇದು ಬರಿಯ ಸೌಕರ್ಯದ ಮಾತೆಂದು ತಿಳಿಯಬೇಡಿ. ಮಂಜು ಹಿಡಿದ ಗಾಗಲನ್ನು ಯಾರೂ ಕಣ್ಣಿನ ಮೇಲೆ ಇಟ್ಟುಕೊಳ್ಳುವುದಿಲ್ಲ, ಹಣೆಗೆ ಏರಿಸುತ್ತಾರೆ. ಕಳೆದ ವರ್ಷ ನಾನೂ ಏರಿಸಿದೆ. ಲೇತ್ ನಿಲ್ಲಿಸಿ, ಲೋಟದ ಬಾಯಿಯ ಅಳತೆ ನೋಡಲು ಬಗ್ಗಿ, ಗಾಗಲನ್ನು ಮೇಲಕ್ಕೆ ತಳ್ಳಿದೆ. ಅದರ ಮೇಲಂಚಿನಲ್ಲೂ ನನ್ನ ಹುಬ್ಬಿನಲ್ಲೂ ಒಂದು ಗಂಟೆಯಿಂದ ಕೂತಿದ್ದ ಪುಡಿಯೆಲ್ಲ ಸರಕ್ಕನೆ ಕನ್ನಡಕದ ಹಿಂದಕ್ಕೆ ಇಳಿಯಿತು. ಯಂತ್ರ ತಿರುಗುವಾಗ ಬೀಳದ ಕಸ ಯಂತ್ರ ನಿಂತ ಮೇಲೆ ಬಿತ್ತು! ಉಜ್ಜಬಾರದೆಂದು ಗೊತ್ತಿದ್ದೂ ಉಜ್ಜಿದೆ. ಕಣ್ಣಿನ ಡಾಕ್ಟರು ಕಿತ್ತಳೆ ಬಣ್ಣದ ಕಾಗದದ ಪಟ್ಟಿ ಮುಟ್ಟಿಸಿ ನೀಲಿ ಬೆಳಕು ಬಿಟ್ಟು, ಕರಿಗುಡ್ಡೆಯ ಮೇಲೆ ಹಸಿರಾಗಿ ಹೊಳೆಯುವ ಗೀರನ್ನು ನನ್ನ ಹೆಂಡತಿಗೆ ತೋರಿಸಿದರು. ‘ನಿಮ್ಮ ಹೊನ್ನೆ ಲೋಟದ ನೀರಿನ ಹಾಗೇ ಹೊಳೆಯುತ್ತದೆ ನೋಡಿ’ ಎಂದಳು. ಅವಳಿಗೆ ತಮಾಷೆ. ಮೇಲಿನ ರೆಪ್ಪೆಯನ್ನು ಮಗುಚಿ ಹತ್ತಿಯ ಕಡ್ಡಿಯಿಂದ ತೆಗೆದ ಚೂರು ರವೆಯ ಕಾಳಿನಷ್ಟೂ ಇರಲಿಲ್ಲ. ಎರಡು ರಾತ್ರಿ ನಿದ್ದೆ ಕೆಡಿಸಿತ್ತು.

ಅಂದಿನಿಂದ ಕ್ರಮ ಬದಲಾಗಿದೆ. ಕೆಲಸ ನಿಲ್ಲಿಸಿ, ತಲೆ ಮುಂದಕ್ಕೆ ಬಗ್ಗಿಸಿ, ಹುಬ್ಬು ಹಣೆ ಕೊಡವಿಕೊಂಡು, ಕಣ್ಣು ಮುಚ್ಚಿ, ಗಾಗಲನ್ನು ಮುಂದಕ್ಕೆ ಎಳೆದು ತೆಗೆಯುತ್ತೇನೆ. ಮೇಲಕ್ಕೆ ತಳ್ಳುವುದಿಲ್ಲ.

ಬಾಗಿಲು ಕಿಟಕಿ ಕೆಲಸಕ್ಕೆ ಬರುವ ನಮ್ಮ ಆಚಾರರು ಈ ಸಂಭ್ರಮವನ್ನೆಲ್ಲ ನೋಡಿ, ‘ಮೇಷ್ಟ್ರೇ, ದೇವರು ರೆಪ್ಪೆ ಕೊಟ್ಟಿರುವುದು ಯಾತಕ್ಕೆ?’ ಎಂದರು. ಮೂವತ್ತು ವರ್ಷ ಉಳಿ, ತೋಪಡ ಹಿಡಿದವರು. ಕೈಯುಳಿಯ ಚಕ್ಕೆ ಎತ್ತ ಹಾರುತ್ತದೆಂದು ಅವರಿಗೆ ಗೊತ್ತು, ಒಪ್ಪುತ್ತೇನೆ. ಆದರೆ ಈಗ ಅವರ ಕೈಯಲ್ಲಿರುವುದು ಮರದಲ್ಲಿ ಗೀರುಕಾಲುವೆ ಕೊರೆಯುವ ರೂಟರ್ ಮತ್ತು ಕಟಿಂಗ್ ಯಂತ್ರ. ಹಳೆಯ ಹಲಸಿನ ತೊಲೆಯೊಳಗೆ ಅಜ್ಜನ ಕಾಲದ ಮೊಳೆ ಎಲ್ಲಿದೆಯೆಂದು ರೆಪ್ಪೆಗೆ ಮೊದಲೇ ತಿಳಿಯುವುದಿಲ್ಲವಲ್ಲ. ಹಾಗೆ ಕೇಳಿದ್ದಕ್ಕೆ ನಕ್ಕು ಎಲೆಯಡಿಕೆ ಹಾಕಿಕೊಂಡರು.

ಕೊರತೆಗಳನ್ನೂ ಹೇಳಬೇಕು. ಪಕ್ಕದ ನೋಟ ಸ್ವಲ್ಪ ಕಡಿಮೆಯಾಗುತ್ತದೆ. ದಪ್ಪ ಕಡ್ಡಿಯ ಕನ್ನಡಕವಾದರೆ ಕಿವಿಯ ಮೇಲುಭಾಗ ಒತ್ತಿ ನೋಯುತ್ತದೆ. ನಾನು ತಂತಿಯ ಕನ್ನಡಕಕ್ಕೆ ಬದಲಾದೆ. ಗೀರು ಬೇಗ ಬೀಳುತ್ತದೆ, ಗೀರು ತಡೆಯುವ ‘ಕೆ’ ಗುರುತು ಇದರಲ್ಲಿಲ್ಲ. ಪುಡಿ ಕೂತಿರುವಾಗ ಪಂಚೆಯ ಸೆರಗಿನಿಂದ ಒರೆಸಿದರೆ ಉಪ್ಪುಕಾಗದ ಹಾಕಿದಂತೆ; ಮೊದಲು ನೀರು ಬಿಟ್ಟು ತೊಳೆಯಬೇಕು. ಥಿನ್ನರ್ ಅಂತೂ ಹತ್ತಿರ ತರಲೇಬೇಡಿ. ನನ್ನ ಹಿಂದಿನ ಗಾಗಲಿಗೆ ಪಾಲಿಷ್ ಸಿಡಿದಿತ್ತೆಂದು ಥಿನ್ನರಿನಲ್ಲಿ ಒರೆಸಿದ್ದೆ, ಐದು ನಿಮಿಷದಲ್ಲಿ ಜೇಡರ ಬಲೆಯಂಥ ಬಿರುಕುಗಳೆದ್ದವು. ಇನ್ನೊಂದು ಮಾತು: ಇದು ಕಾಯುವುದು ಕಣ್ಣನ್ನು ಮಾತ್ರ, ಹಲ್ಲನ್ನಲ್ಲ. ದೊಡ್ಡ ಬಟ್ಟಲು ಕಡೆಯುವಾಗ ಇದರ ಮೇಲೆ ಮುಖಪೂರ್ತಿ ಮುಚ್ಚುವ ಶೀಲ್ಡನ್ನೂ ಇಳಿಸಿಕೊಳ್ಳುತ್ತೇನೆ.

ಅಂಕ ಕೊಡುವುದಾದರೆ ಹತ್ತಕ್ಕೆ ಏಳು. ಆವಿಗೆ ಒಂದು ಕಳೆದೆ, ಗೀರಿಗೆ ಒಂದು, ಪಟ್ಟಿಗೆ ಒಂದು. ಆ ಪಟ್ಟಿ ಎರಡನೆಯ ಮಳೆಗಾಲಕ್ಕೇ ಜೋತುಬಿದ್ದಿತು, ಬಿಡಿಯಾಗಿ ಎಲ್ಲೂ ಸಿಗಲಿಲ್ಲ. ಕೊನೆಗೆ ನನ್ನ ಪೈಜಾಮಕ್ಕೆಂದು ತಂದಿದ್ದ ಅಗಲದ ಇಲಾಸ್ಟಿಕನ್ನೇ ಕತ್ತರಿಸಿ ಹೆಂಡತಿ ಹೊಲಿಗೆ ಹಾಕಿಕೊಟ್ಟಿದ್ದಾಳೆ. ಮೊದಲಿನದಕ್ಕಿಂತ ಬಿಗಿಯಾಗಿದೆ. ಪೈಜಾಮಕ್ಕೆ ಲಾಡಿ.