ಹನ್ನೆರಡು ವರ್ಷದ ಆರ್15 ಬೈಕು, ನಲವತ್ತೊಂದು ವರ್ಷದ ಸೊಂಟ: ಹ್ಯಾಂಡಲ್ ಎತ್ತರಿಸಿ ಮೂರು ವರ್ಷ ಓಡಿಸಿದ ಮೇಲೆ

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಕೂತಿದ್ದೆ. ಕಿರುಬೆರಳು ಬಿಸಿ ಸಾಂಬಾರಿನಲ್ಲಿ ಮುಳುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಪಕ್ಕದ ಉಂಗುರದ ಬೆರಳೂ ಹಾಗೇ, ಪೂರ್ತಿ ಜೋಮು. ಬೆಂಗಳೂರಿನ ದಾಸರಹಳ್ಳಿಯಿಂದ ಅಲ್ಲಿಗೆ ಬೈಕಿನಲ್ಲಿ ಒಂದೂಕಾಲು ಗಂಟೆಯ ದಾರಿ ಅಷ್ಟೇ. ನಾನು ಹೋಗಬೇಕಾಗಿದ್ದು ತಿಪಟೂರಿನ ಪಕ್ಕದ ನಮ್ಮೂರಿಗೆ. ಇನ್ನೂ ಅರ್ಧ ದಾರಿ ಬಾಕಿ ಇತ್ತು. ಬೈಕು ಮಾರಿಬಿಡೋಣ ಅಂತ ಮೊದಲ ಸಲ ಅನಿಸಿದ್ದು ಆವತ್ತು.

ನನ್ನದು 2013ರಲ್ಲಿ ಕೊಂಡ ಯಮಹಾ ಆರ್15, ವರ್ಷನ್ 2. 2011ರಲ್ಲಿ ಬಂದ ಮಾಡೆಲ್. 150 ಸಿಸಿ ಲಿಕ್ವಿಡ್ ಕೂಲ್ಡ್ ಎಂಜಿನ್, ಆರು ಗೇರು, ಡೆಲ್ಟಾಬಾಕ್ಸ್ ಫ್ರೇಮ್. ಓಡಿರುವುದು 78 ಸಾವಿರ ಕಿ.ಮೀ. ಎಂಜಿನ್ ಇವತ್ತಿಗೂ ಗಟ್ಟಿಮುಟ್ಟು. ತಿರುವಿನಲ್ಲಿ ಹಳಿ ಮೇಲೆ ಹೋದ ಹಾಗೆ ಹೋಗುತ್ತದೆ. ಕ್ಲಿಪ್-ಆನ್ ಹ್ಯಾಂಡಲ್ (ಎಡಕ್ಕೊಂದು ಬಲಕ್ಕೊಂದು ಬೇರೆಬೇರೆಯಾಗಿ ಕಚ್ಚಿಸಿದ ತಗ್ಗಿನ ಹಿಡಿ), ಹಿಂದಕ್ಕೆ ಸರಿದ ಫುಟ್‌ರೆಸ್ಟ್, ಮುಂದಕ್ಕೆ ಇಳಿಜಾರಾದ ಸೀಟು. ಬಗ್ಗಿ ಓಡಿಸಲೆಂದೇ ಮಾಡಿದ ಗಾಡಿ ಅದು. ಬಗ್ಗಿದಾಗ ಮೈಭಾರ ಅಂಗೈ ಮೇಲೆ ಬೀಳುತ್ತದೆ, ಬೆರಳು ಜೋಮು ಹಿಡಿದದ್ದು ಅದಕ್ಕೇ. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಆ ಭಂಗಿಗೇ ಮರುಳಾಗಿ ಕೊಂಡವನು ನಾನು. ಈಗ ಬೈಕನ್ನು ಬೈದರೆ ಏನು ಬಂತು?

ಮಾರಲು ಮನಸ್ಸಾಗಲಿಲ್ಲ. ಹ್ಯಾಂಡಲ್ ಎತ್ತರಿಸೋಣ ಅಂತ ಹೊರಟೆ.

ಎರಡು ದಾರಿ ಇತ್ತು. ಕ್ಲಿಪ್-ಆನ್ ಕಿತ್ತುಹಾಕಿ ಸಾಮಾನ್ಯ ಬೈಕುಗಳ ಉದ್ದನೆಯ ಪೈಪ್ ಹ್ಯಾಂಡಲ್ ಕೂರಿಸುವುದು ಒಂದು. ಕೂರಲು ಅದೇ ಸುಖ, ಸಂಶಯವಿಲ್ಲ. ಆದರೆ ಫೇರಿಂಗ್ (ಗಾಡಿಯ ಪ್ಲಾಸ್ಟಿಕ್ ಹೊದಿಕೆ) ಕತ್ತರಿಸಬೇಕು, ಕೇಬಲ್‌ಗಳೂ ಬ್ರೇಕ್ ಹೋಸೂ ಉದ್ದದ್ದು ಬೇಕು. ಗಾಡಿ ನೋಡಲು ಅತ್ತ ಅದೂ ಅಲ್ಲ, ಇತ್ತ ಇದೂ ಅಲ್ಲ ಅನ್ನುವ ಹಾಗಾಗುತ್ತದೆ. ನಾನು ಎರಡನೇ ದಾರಿ ಹಿಡಿದೆ: ಕ್ಲಿಪ್-ಆನ್ ಅನ್ನೇ ಮೇಲೆತ್ತುವ ಅಲ್ಯೂಮಿನಿಯಂ ರೈಸರ್. ಜೋಡಿಗೆ 1,900 ರೂಪಾಯಿ. ನಾನು ಪೀಣ್ಯದಲ್ಲಿ ಟೂಲ್‌ರೂಮ್ ಕೆಲಸದವನು, ವರ್ನಿಯರ್ ಹಿಡಿಯದೆ ಇರಲು ಆಗುವುದಿಲ್ಲ. ಅಳೆದರೆ 28 ಮಿ.ಮೀ. ಮೇಲಕ್ಕೆ, ಸುಮಾರು 15 ಮಿ.ಮೀ. ನನ್ನ ಕಡೆಗೆ. ಮಷಿನಿಂಗ್ ಪರವಾಗಿಲ್ಲ. ಜೊತೆಗೆ ಕೊಟ್ಟ ಬೋಲ್ಟು ಮಾತ್ರ ಎರಡೇ ಮಳೆಗೆ ತುಕ್ಕು ಹಿಡಿಯಿತು. ತೆಗೆದು 8.8 ಗ್ರೇಡಿನ ಗಟ್ಟಿ ಬೋಲ್ಟ್ ಹಾಕಿದೆ. ಅಲ್ಯೂಮಿನಿಯಂ ತ್ರೆಡ್ ಅದು, ಶಕ್ತಿಪ್ರದರ್ಶನ ಮಾಡಿ ಬಿಗಿದರೆ ಕಿತ್ತುಬರುತ್ತದೆ, ಹುಷಾರು.

ಫಿಟ್ ಮಾಡಿದ ಸಂಜೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಮನೆ ಮುಂದೆ ಗಾಡಿ ಸ್ಟಾರ್ಟ್ ಮಾಡಿ, ಗೇಟಿನೊಳಗೆ ತಿರುಗಿಸಿಕೊಳ್ಳಲು ಹ್ಯಾಂಡಲ್ ಪೂರ್ತಿ ಎಡಕ್ಕೆ ಎಳೆದೆ. ಎಂಜಿನ್ ತಾನಾಗೇ ಗುಂಯ್ ಅಂತ ಏರಿತು. ಆಕ್ಸಿಲರೇಟರ್ ತಿರುಗಿಸಿಯೇ ಇರಲಿಲ್ಲ. ಕ್ಲಚ್ ಒತ್ತಿ ಹಿಡಿದಿದ್ದರಿಂದ ಬಚಾವ್, ಇಲ್ಲದಿದ್ದರೆ ಸೀದಾ ತುಳಸಿಕಟ್ಟೆಗೆ. ಹ್ಯಾಂಡಲ್ ಮೇಲೆ ಹೋಗಿತ್ತು, ಕೇಬಲ್ ಮಾತ್ರ ಹಳೆಯ ಉದ್ದದ್ದೇ. ತಿರುಗಿಸಿದಾಗ ಬಿಗಿದುಕೊಂಡು ಥ್ರಾಟಲನ್ನು ತಾನೇ ಎಳೆಯುತ್ತಿತ್ತು. ಮಾರನೇ ದಿನ ಫೇರಿಂಗ್ ಬಿಚ್ಚಿ, ಕೇಬಲ್ ಒಂದು ಬ್ರಾಕೆಟ್‌ನ ಹಿಂದಿನಿಂದ ಸುತ್ತಿ ಬರುತ್ತಿದ್ದುದನ್ನು ಮುಂದಿನಿಂದ ತಂದೆ. ಬೇಕಾದಷ್ಟು ಸಡಿಲ ಸಿಕ್ಕಿತು. ನೀವು ರೈಸರ್ ಹಾಕಿಸಿದರೆ ಅಂಗಡಿ ಬಿಡುವ ಮುಂಚೆ ಎಂಜಿನ್ ಐಡಲ್‌ನಲ್ಲಿ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಕೊನೆ ಮುಟ್ಟುವವರೆಗೆ ತಿರುಗಿಸಿ. ಸದ್ದು ಒಂಚೂರೂ ಏರಬಾರದು. ಬ್ರೇಕ್ ಹೋಸನ್ನೂ ಬೆರಳಲ್ಲಿ ಅಲುಗಾಡಿಸಿ ನೋಡಿ, ತಂತಿಯ ಹಾಗೆ ಬಿಗಿದಿರಬಾರದು. ಬ್ರೇಕ್ ಆಯಿಲ್ ಡಬ್ಬಿ ವೈಸರ್ (ಬೈಕಿನ ಮುಂದೆ ಗಾಳಿ ತಡೆಯುವ ಹಾಳೆ) ಅಂಚಿಗೆ ತಾಗುತ್ತಾ ಅನ್ನುವುದನ್ನೂ ನೋಡಿ. ನನ್ನದು ತಾಗುತ್ತಿತ್ತು, ಸ್ವಲ್ಪ ಓರೆ ಮಾಡಿ ಸರಿಮಾಡಿಕೊಂಡೆ.

ಮೊದಲ ತಿಂಗಳು ಸ್ವರ್ಗ. ಜೋಮು ಮುಕ್ಕಾಲು ಪಾಲು ಹೋಯಿತು. ಸಿಕ್ಕಸಿಕ್ಕವರಿಗೆಲ್ಲ ರೈಸರ್ ಹಾಕಿಸಿ ಅಂತ ಹೇಳಿಕೊಂಡು ತಿರುಗಿದೆ. ಆಮೇಲೆ ಬಾಲಮೂಳೆ ನೋಯಲು ಶುರುವಾಯಿತು.

ಇದು ಯಾಕೆ ಅಂತ ಅರ್ಥವಾಗಲು ನನಗೆ ಎರಡು ತಿಂಗಳು ಬೇಕಾಯಿತು. ಬಗ್ಗಿ ಕೂತಾಗ ಮೈಭಾರ ಕೈ, ಕಾಲು, ಕುಂಡಿ ಮೂರಕ್ಕೂ ಹಂಚಿಹೋಗುತ್ತದೆ. ಈಗ ಬೆನ್ನು ನೆಟ್ಟಗಾಗಿ ಕೈ ಮೇಲಿನ ಭಾರ ಇಳಿಯಿತು. ಫುಟ್‌ರೆಸ್ಟ್ ಮಾತ್ರ ಮೊದಲಿನ ಜಾಗದಲ್ಲೇ, ಹಿಂದೆ. ಅಲ್ಲಿಂದ ಕಾಲು ಕೊಟ್ಟು ಮೈ ಎತ್ತಲು ಆಗುವುದಿಲ್ಲ. ಹಾಗಾಗಿ ಪ್ರತಿ ಗುಂಡಿಯ ಏಟೂ ನೇರ ಬೆನ್ನುಮೂಳೆಗೆ. ಗುಬ್ಬಿ ದಾಟಿದ ಮೇಲೆ ಪ್ರತಿ ಹಂಪನ್ನೂ ಎಣಿಸಿಕೊಂಡು ಹೋಗುತ್ತಿದ್ದೆ. ಇನ್ನೊಂದು ವಿಷಯ ಆಗಲೇ ಕಣ್ಣಿಗೆ ಬಿದ್ದದ್ದು: ಪ್ರತಿ ಬ್ರೇಕಿಗೂ ನಾನು ಟ್ಯಾಂಕಿನ ಕಡೆ ಜಾರುತ್ತಿದ್ದೆ, ಕೈಯಲ್ಲಿ ನನ್ನನ್ನು ನಾನೇ ಹಿಂದಕ್ಕೆ ತಳ್ಳಿಕೊಳ್ಳುತ್ತಿದ್ದೆ. ಅಂದರೆ ಕೈ ಜೋಮಿನ ಅರ್ಧ ಪಾಲು ಸೀಟಿನ ಇಳಿಜಾರಿನದ್ದು. ಹ್ಯಾಂಡಲ್ ಮುಟ್ಟುವ ಮುಂಚೆ ನಾನು ಸೀಟು ನೋಡಬೇಕಿತ್ತು.

ಸೀಟಿನ ಕಥೆಯೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಮೊದಲು ಹತ್ತಿರದ ಒಂದು ಸೀಟ್ ಕವರ್ ಅಂಗಡಿಯಲ್ಲಿ ಮೆತ್ತನೆ ಫೋಮ್ ಹಾಕಿಸಿದೆ. ಕೂತರೆ ಸೋಫಾ! ಐದೇ ತಿಂಗಳಲ್ಲಿ ಕುಗ್ಗಿ, ಅಡಿಯ ಪ್ಲಾಸ್ಟಿಕ್ ಒತ್ತತೊಡಗಿತು. ಎರಡನೇ ಸಲ ಜೆ.ಸಿ. ರಸ್ತೆಯ ಒಬ್ಬ ಹಿರಿಯರ ಹತ್ತಿರ ಹೋದೆ. ಅವರು ಫೋಮ್ ಕೈಗೆತ್ತಿಕೊಳ್ಳುವ ಮುಂಚೆ ನನ್ನನ್ನು ಬೈಕಿನ ಮೇಲೆ ಕೂರಿಸಿದರು. "ಸುಮ್ನೆ ಕೂತ್ಕೊಳ್ಳಿ ಸಾರ್, ಕೈ ಬಿಟ್ಬಿಡಿ" ಅಂದರು. ಕೈ ಬಿಟ್ಟ ತಕ್ಷಣ ನಾನು ಮುಂದಕ್ಕೆ ಜಾರಿದೆ. ಜಾರಿ ನಿಂತ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಆ ಗೆರೆಯ ಮುಂದೆ ಗಟ್ಟಿ ರೀಬಾಂಡೆಡ್ ಫೋಮ್ (ಫೋಮ್ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ್ದು) ಅಂಟಿಸಿ ಏರಿಸಿದರು, ಹಿಂದಿನದನ್ನು ಉದ್ದನೆ ಚಾಕುವಿನಲ್ಲಿ ಬೆಣ್ಣೆ ಕೊಯ್ದ ಹಾಗೆ ಕೊಯ್ದು ಸಮ ಮಾಡಿದರು. ಮೇಲೆ ತೆಳುವಾಗಿ ಒಂದೇ ಪದರ ಮೆತ್ತನೆಯದು. ಜಾರದ ಬಟ್ಟೆಯ ಕವರ್. ಎಲ್ಲಾ ಸೇರಿ 1,600.

ಮೊದಲ ವಾರ ಗಟ್ಟಿ ಅನಿಸಿತು, ದುಡ್ಡು ದಂಡವಾಯಿತಲ್ಲ ಅಂದುಕೊಂಡೆ. ಊರಿಗೆ ಹೋಗಿ ಇಳಿದಾಗ ಗೊತ್ತಾಯಿತು. ಇಳಿದ ತಕ್ಷಣ ಸೊಂಟ ಹಿಡಿದು ನಿಲ್ಲಲಿಲ್ಲ, ಸೀದಾ ಒಳಗೆ ನಡೆದೆ. ಅಮ್ಮ "ಏನೋ, ಬಸ್ಸಲ್ಲಿ ಬಂದ್ಯಾ?" ಅಂದಳು. ಆ ಸೀಟಿಗೆ ಈಗ ಎರಡು ವರ್ಷ ದಾಟಿತು, ಕುಗ್ಗಿಲ್ಲ. ಒಂದೇ ದೂರು: ಹೊಲಿಗೆಯಲ್ಲಿ ಮಳೆನೀರು ಇಳಿಯುತ್ತದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಬಿಸಿಲಿದ್ದರೂ ಆಫೀಸಿಗೆ ಹೋದಾಗ ಪ್ಯಾಂಟ್ ಹಿಂದೆ ಒದ್ದೆ. ಯಾರಿಗೆ ಅಂತ ವಿವರಿಸುವುದು? ಈಗ ಸೀಟಿನ ಅಡಿ ಒಂದು ಪ್ಲಾಸ್ಟಿಕ್ ಕವರ್ ಮಡಚಿಟ್ಟಿರುತ್ತೇನೆ.

ಬಿಟ್ಟಿಯಾಗಿ ಸಿಕ್ಕ ಸುಖವೊಂದಿದೆ, ಅದು ಕ್ಲಚ್ ಮತ್ತು ಬ್ರೇಕ್ ಲಿವರಿನ ಕೋನ. ಹ್ಯಾಂಡಲ್ ಎತ್ತರಿಸಿದ ಮೇಲೆ ಲಿವರ್ ಹಳೆಯ ಕೋನದಲ್ಲೇ ಇದ್ದರೆ ಮಣಿಕಟ್ಟು ಮುರಿದ ಹಾಗೆ ಇರುತ್ತದೆ. ಬೋಲ್ಟ್ ಸಡಿಲಿಸಿ, ಮುಂಗೈ ಮತ್ತು ಬೆರಳು ಒಂದೇ ಗೆರೆಗೆ ಬರುವಂತೆ ತಿರುಗಿಸಿದೆ. ಹತ್ತು ನಿಮಿಷದ ಕೆಲಸ. ಗಾಳಿ ಈಗ ಎದೆಗೆ ಹೊಡೆಯುತ್ತದೆ. 80 ದಾಟಿದರೆ ಹೆಲ್ಮೆಟ್ ಅದುರುತ್ತಿತ್ತು, ಎತ್ತರದ ವೈಸರ್ ಹಾಕಿದೆ, ಕಡಿಮೆಯಾಯಿತು, ಪೂರ್ತಿ ಹೋಗಿಲ್ಲ. ಮೈಲೇಜ್ ಹೈವೇಯಲ್ಲಿ 46 ಕೊಡುತ್ತಿದ್ದದ್ದು 43ಕ್ಕೆ ಇಳಿದಿದೆ.

ಕಳೆದುಕೊಂಡದ್ದೂ ಇದೆ, ಮುಚ್ಚಿಡುವುದಿಲ್ಲ. ಮುಂದಿನ ಚಕ್ರದ ಮೇಲೆ ಭಾರ ಕಡಿಮೆಯಾಗಿ, ವೇಗದ ತಿರುವಿನಲ್ಲಿ ಮೊದಲಿನ ನಂಬಿಕೆ ಬರುವುದಿಲ್ಲ. ಟಯರ್ ರಸ್ತೆಯ ಜೊತೆ ಏನು ಮಾತಾಡುತ್ತಿದೆ ಅನ್ನುವುದು ಅಂಗೈಗೆ ಕೇಳಿಸುತ್ತಿತ್ತು, ಈಗ ದೂರದಿಂದ ಕೇಳಿಸಿದ ಹಾಗೆ. ಶಿರಾಡಿಯಲ್ಲಿ ಹುಡುಗರು ಪಕ್ಕದಿಂದ ನುಗ್ಗಿಕೊಂಡು ಹೋದಾಗ ಸ್ವಲ್ಪ ಹೊಟ್ಟೆ ಉರಿಯುತ್ತದೆ. ರೈಸರ್ ಬೋಲ್ಟುಗಳ ತಲೆಯಿಂದ ರೈಸರ್ ಮೇಲಕ್ಕೂ ದಾಟುವ ಹಾಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೇನೆ. ಒಂದು ಕೂದಲೆಳೆ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. 26 ಸಾವಿರ ಕಿ.ಮೀ.ಯಲ್ಲಿ ಒಂದೇ ಸಲ ಸಡಿಲವಾಗಿತ್ತು.

ಪೊಲೀಸರು ಹಿಡಿಯುತ್ತಾರಾ ಅಂತ ತುಂಬಾ ಜನ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟು: ಆರ್‌ಸಿಯಲ್ಲಿರುವ ವಿವರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸೀಟಿನ ಫೋಮ್ ಆರ್‌ಸಿಯಲ್ಲಿ ಬರುವ ವಿಷಯವಲ್ಲ. ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಆದರೂ ಇನ್ಶೂರೆನ್ಸ್‌ನವರಿಗೆ ಒಂದು ಮೇಲ್ ಹಾಕಿಟ್ಟಿದ್ದೇನೆ. 2028ರಲ್ಲಿ ಹದಿನೈದು ವರ್ಷ ತುಂಬಿ ಆರ್‌ಸಿ ರಿನ್ಯೂ ಮಾಡಿಸುವಾಗ ಎಲ್ಲ ಬಿಚ್ಚಿ ಕಂಪನಿಯದ್ದೇ ಜೋಡಿಸಿಕೊಂಡು ಹೋಗುವ ಯೋಚನೆ.

ಹಿಂದಿನ ಸೀಟಿನ ಬಗ್ಗೆ ನಾನು ಬರೆಯುವ ಹಾಗಿಲ್ಲ. ಹೆಂಡತಿ ಅದನ್ನು "ಅಟ್ಟ" ಅಂತ ಕರೆಯುತ್ತಾಳೆ, ಹತ್ತುವುದಿಲ್ಲ. ಹಳೆಯ ಕ್ಲಿಪ್-ಆನ್ ಬೋಲ್ಟ್‌ಗಳನ್ನು ಗ್ರೀಸ್ ಸವರಿ, ಪೇಪರಿನಲ್ಲಿ ಸುತ್ತಿ, ನಮ್ಮನೆಯ ನಿಜವಾದ ಅಟ್ಟದಲ್ಲಿ ಇಟ್ಟಿದ್ದೇನೆ. ಮಾರುವುದಿಲ್ಲ, ಕೇಳಬೇಡಿ.